ಪೃಥ್ವೀತತ್ತ್ವವೂ ಭೂಗರ್ಭಶಾಸ್ತ್ರವೂ

(ಶ್ರೀಮಠದ ಸುವರ್ಣಮಹೋತ್ಸವದ ಸಂದರ್ಭದಲ್ಲಿ ಮಾರತ್ತಹಳ್ಳಿಯ ಭಕ್ತಮಂಡಲಿಯ ಸಭೆಯಲ್ಲಿ ಮಾಡಿದ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥



ಷಟ್‌ಸ್ಥಲಮಾರ್ಗದಲ್ಲಿ ಮೊದಲನೆಯದಾದ ಭಕ್ತಸ್ಥಲಕ್ಕೆ ಪೃಥ್ವಿಯೇ ಅಂಗವೆಂದೂ, ಸುಚಿತ್ತವೇ ಹಸ್ತವೆಂದೂ, ಆಚಾರಲಿಂಗವೇ ಲಿಂಗವೆಂದೂ, ಘ್ರಾಣವೇ ಮುಖವೆಂದೂ, ಗಂಧವೇ ಅರ್ಪಿತವಾಗುವ ಪದಾರ್ಥವೆಂದೂ ಅನುಭಾವಿಗಳು ನಿರೂಪಿಸಿರುವುದು ಈ ಸಭೆಯಲ್ಲಿ ಬಹುಮಂದಿಗೆ ತಿಳಿದ ಸಂಗತಿ. ಐಕ್ಯದವರೆಗೆ ಏರತಕ್ಕ ಸೋಪಾನದ ಕೆಳಗಣ ಮೆಟ್ಟಿಲು ಮಣ್ಣು. ಹೀಗಿದ್ದರೂ, ಆ ಮಣ್ಣೆಂಬುದು ಏನು, ಎಲ್ಲಿಂದ ಬಂದಿತು, ಅದರ ಕೆಳಗೆ ಏನಿದೆ ಎಂದು ಕೇಳುವವರು ಭಕ್ತರಲ್ಲಿ ವಿರಳ. ಈ ಪ್ರಶ್ನೆಗಳನ್ನು ಕೇಳಿ, ಕಲ್ಲನ್ನು ಒಡೆದು, ಅಳೆದು, ತೂಗಿ ಉತ್ತರವನ್ನು ಹುಡುಕುವ ವಿದ್ಯೆಗೆ ಭೂಗರ್ಭಶಾಸ್ತ್ರವೆಂದು ಹೆಸರು. ಜ್ವಾಲಾಮುಖಿಗಳು, ಹಿಮನದಿಗಳು, ಭೂಕಂಪಗಳು, ಹೊಲದ ಮಣ್ಣು, ಬಾವಿಯ ನೀರು, ಇವೆಲ್ಲವೂ ಅದರ ಅಧ್ಯಯನಕ್ಕೆ ಸೇರಿದುವು.

ಒಂದು ಮಾತನ್ನು ಮೊದಲಿಗೇ ತೆಗೆದುಹಾಕುವುದು ಒಳ್ಳೆಯದು. ಹಿಂದಿನವರು ಇಂದಿನ ವಿಜ್ಞಾನವನ್ನೆಲ್ಲ ಅರಿತಿದ್ದರೆಂದು ಸಾಧಿಸುವ ಚಪಲ ಈಚೆಗೆ ಉಪನ್ಯಾಸಕಾರರಲ್ಲಿ ಹೆಚ್ಚಾಗಿದೆ. ಪುರಾಣಗಳಲ್ಲಿ ಹೇಳಿರುವ ಕಲ್ಪದ ಪ್ರಮಾಣ 432 ಕೋಟಿ ವರ್ಷ. ವಿಜ್ಞಾನಿಗಳು ಕಂಡುಕೊಂಡಿರುವ ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಎರಡು ಅಂಕೆಗಳು ಹತ್ತಿರವಿರುವುದರಿಂದ ಒಂದು ಇನ್ನೊಂದಕ್ಕೆ ಪ್ರಮಾಣವಾಗುವುದಿಲ್ಲ. ಶರಣರ ಹಿರಿಮೆಗೆ ಇಂಥ ಆಸರೆ ಬೇಕಾಗಿಯೂ ಇಲ್ಲ. ಆದರೆ ಪೃಥ್ವಿಗೆ ಗಂಧವೇ ಗುಣವೆಂಬ ಮಾತನ್ನು ಕೇಳಿದಾಗ, ಮುಂಗಾರಿನ ಮೊದಲ ಹನಿಗೆ ಒಣನೆಲದಿಂದೇಳುವ ಕಂಪು ಯಾರಿಗೆ ನೆನಪಾಗುವುದಿಲ್ಲ? ಆ ಕಂಪು ಬರಿಯ ಧೂಳಿನದಲ್ಲ. ಮಣ್ಣಿನಲ್ಲಿ ವಾಸಿಸುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ದ್ರವ್ಯವನ್ನು ಹುಟ್ಟಿಸುತ್ತವೆ. ಮಳೆಯ ಹನಿ ಬಿದ್ದಾಗ ಅದು ಗಾಳಿಗೆ ಹಾರುತ್ತದೆ; ಮನುಷ್ಯನ ಮೂಗು ಅದನ್ನು ಅತ್ಯಲ್ಪ ಪ್ರಮಾಣದಲ್ಲಿಯೂ ಗುರುತಿಸಬಲ್ಲುದು. ಅಂದರೆ ಕಂಪು ಬಂದುದಾದರೆ ಮಣ್ಣು ಜೀವಂತವಾಗಿದೆಯೆಂದೇ ಅರ್ಥ. ಕಾಂಕ್ರೀಟಿನ ಅಂಗಳದ ಮೇಲೆ ಎಷ್ಟು ಮಳೆ ಸುರಿದರೂ ಹೊಲದ ಆ ಕಂಪು ಏಳುವುದಿಲ್ಲ.

ಮಾರತ್ತಹಳ್ಳಿಯಲ್ಲಿ ಈ ಮಾತಿಗೆ ಹೆಚ್ಚಿನ ವಿವರಣೆ ಬೇಡ. ಇಲ್ಲಿಯ ಹಿರಿಯರು ರಾಗಿ, ಅವರೆ, ತೊಗರಿಗಳನ್ನು ಬೆಳೆದ ಕೆಂಪುಹೊಲಗಳು ಈಗ ಹೊರವರ್ತುಲ ರಸ್ತೆಯ ಇಕ್ಕೆಲಗಳ ಗಾಜಿನ ಸೌಧಗಳ ಅಡಿಯಲ್ಲಿವೆ. ಮೊಮ್ಮಕ್ಕಳಿಗೆ ಮಣ್ಣು ಕಾಣುವುದು ಹೂಕುಂಡದಲ್ಲಿ ಮಾತ್ರ. ಆದರೂ ನೆಲ ಎಲ್ಲಿಗೂ ಹೋಗಿಲ್ಲ, ಮುಚ್ಚಿಹೋಗಿದೆ. ಕೊಳವೆಬಾವಿ ಕೊರೆಯುವ ಯಂತ್ರವು ಒಂದು ನಿವೇಶನಕ್ಕೆ ಬಂದು ನಿಂತ ದಿನ ಅದು ಮೇಲಕ್ಕೆ ಬಂದು ತನ್ನ ಕಥೆಯನ್ನು ಹೇಳುತ್ತದೆ. ಮೊದಲು ಬರುವುದು ಕೆಂಪುಮಣ್ಣು. ಅದರ ಕೆಳಗೆ ಬಿಳುಪಾಗಿ, ಹಳದಿಯಾಗಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಸುದ್ದೆ. ನೋಡಲು ಕಲ್ಲಿನಂತೆ ಗೆರೆಗೆರೆಯಾಗಿದ್ದರೂ ಗಟ್ಟಿತನವನ್ನು ಕಳೆದುಕೊಂಡ ಕೊಳೆತ ಕಲ್ಲು. ಅದನ್ನೂ ದಾಟಿದ ಮೇಲೆ ಯಂತ್ರದ ಸದ್ದು ಬದಲಾಗಿ ಬೂದುಬಣ್ಣದ ಹಿಟ್ಟು ಮೇಲೇಳತೊಡಗುತ್ತದೆ. ಅದು ಬಂಡೆ.

ಈ ಮೂರೂ ಬೇರೆ ಬೇರೆ ವಸ್ತುಗಳೆಂದು ತಿಳಿಯಬಾರದು. ಮೇಲಿನ ಮಣ್ಣು ಕೆಳಗಿನ ಬಂಡೆಯ ಮಗು. ಬಂಡೆಯಲ್ಲಿ ಮುಖ್ಯವಾಗಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಎಂಬ ಖನಿಜಗಳಿರುತ್ತವೆ. ಮಳೆಯ ನೀರು ಗಾಳಿಯ ಇಂಗಾಲಾಮ್ಲವನ್ನು ಸ್ವಲ್ಪ ಕರಗಿಸಿಕೊಂಡು ಸೀಳುಗಳಲ್ಲಿ ಇಳಿಯುತ್ತದೆ. ಫೆಲ್ಡ್‌ಸ್ಪಾರ್ ಆ ಹುಳಿನೀರಿಗೆ ಸೋತು ಜೇಡಿಯಾಗುತ್ತದೆ. ಕರಿಯ ಅಭ್ರಕದಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಕೆಂಪಾಗುತ್ತದೆ. ಬೆಣಚು ಮಾತ್ರ ಯಾರಿಗೂ ಜಗ್ಗದೆ ಮರಳಾಗಿ ಉಳಿಯುತ್ತದೆ. ಬೆಂಗಳೂರು ಸೀಮೆಯ ಕೆಂಪುಮಣ್ಣೆಂದರೆ ಜೇಡಿ, ತುಕ್ಕು, ಮರಳುಗಳ ಈ ಮಿಶ್ರಣವೇ. ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷಗಳು ಹಿಡಿಯುತ್ತವೆ. ಮನೆಯ ಪಾಯಕ್ಕಾಗಿ ಅಗೆದು ಲಾರಿಯಲ್ಲಿ ಹೊರಗೆ ಸಾಗಿಸಲು ಒಂದು ಬೆಳಗು ಸಾಕು.

ಬಂಡೆಯ ವಯಸ್ಸೆಷ್ಟು? ಇದರ ಹೆಸರು ನೈಸ್. ದಕ್ಷಿಣಭಾರತದಲ್ಲೆಲ್ಲ ಹಬ್ಬಿರುವುದರಿಂದ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಡಾ. ಸ್ಮೀತ್ ಅವರು ಇದನ್ನು ಪೆನಿನ್ಸುಲಾರ್ ನೈಸ್ ಎಂದು ಕರೆದರು. ಲೋಕದ ಶಾಸ್ತ್ರಜ್ಞರೆಲ್ಲ ಅದೇ ಹೆಸರನ್ನು ಬಳಸುತ್ತಾರೆ. ಭೂಮಿಯ ಒಡಲಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ, ಅರೆಕರಗಿ, ಹಿಟ್ಟಿನ ಕಣಕದಂತೆ ಮಡಿಕೆಬಿದ್ದು, ಮತ್ತೆ ಗಟ್ಟಿಯಾದ ಕಲ್ಲಿದು. ಬಿಳಿ-ಕಪ್ಪು ಪಟ್ಟೆಗಳು ಆ ಮಡಿಕೆಗಳ ಗುರುತು. ಇದರ ನಾನಾ ಭಾಗಗಳು ಸುಮಾರು 340 ಕೋಟಿಯಿಂದ 250 ಕೋಟಿ ವರ್ಷಗಳ ಹಿಂದೆ ರೂಪುಗೊಂಡುವು. ಇಂಥ ಅಂಕೆಯನ್ನು ಕೇಳಿದವರು ನಕ್ಕುಬಿಡಬಹುದು. ಆದುದರಿಂದ ಅದನ್ನು ಎಣಿಸುವ ಬಗೆಯನ್ನು ಹೇಳಬೇಕು. ಈ ಕಲ್ಲುಗಳಲ್ಲಿ ಜಿರ್ಕಾನ್ ಎಂಬ ಸಾಸಿವೆಗಿಂತ ಸಣ್ಣ ಹರಳುಗಳಿವೆ. ಹರಳು ಹುಟ್ಟುವಾಗ ತನ್ನೊಳಗೆ ಯುರೇನಿಯಮ್ಮನ್ನು ಸೇರಿಸಿಕೊಳ್ಳುತ್ತದೆ, ಸೀಸವನ್ನು ಸೇರಿಸಿಕೊಳ್ಳುವುದಿಲ್ಲ. ಯುರೇನಿಯಮ್ ತನ್ನಷ್ಟಕ್ಕೆ ತಾನೇ ನಿಯತವಾದ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಅದರ ಮುಖ್ಯ ಪ್ರಭೇದದಲ್ಲಿ ಅರ್ಧ ಸೀಸವಾಗಲು ಬೇಕಾಗುವ ಕಾಲ ಸುಮಾರು 447 ಕೋಟಿ ವರ್ಷ. ಹರಳಿನಲ್ಲಿ ಈಗ ಎಷ್ಟು ಸೀಸವಿದೆ, ಎಷ್ಟು ಯುರೇನಿಯಮ್ ಉಳಿದಿದೆ ಎಂದು ಅಳೆದರೆ ವಯಸ್ಸು ತಿಳಿಯುತ್ತದೆ. ಮರಳುಗಡಿಯಾರದ ಮೇಲಿನ ಬಟ್ಟಲನ್ನೂ ಕೆಳಗಿನ ಬಟ್ಟಲನ್ನೂ ನೋಡಿ ಹೊತ್ತನ್ನು ಹೇಳಿದಂತೆ.

ಇದೇ ಬಂಡೆ ಲಾಲ್‌ಬಾಗಿನಲ್ಲಿ ಮಣ್ಣನ್ನು ಕೊಡವಿಕೊಂಡು ಬಯಲಿಗೆ ಬಂದು ನಿಂತಿದೆ. ಕೆಂಪೇಗೌಡರ ಗೋಪುರವಿರುವುದು ಅದರ ನೆತ್ತಿಯ ಮೇಲೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಅದನ್ನು ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಭಾನುವಾರ ಅಲ್ಲಿಗೆ ಹೋಗುವವರು ಕಡಲೆಕಾಯಿ ತಿಂದು, ಭಾವಚಿತ್ರ ತೆಗೆಸಿಕೊಂಡು ಇಳಿದುಬರುತ್ತಾರೆ. ಪಾದದ ಕೆಳಗಿನ ಪಟ್ಟೆಗಳನ್ನು ಬಗ್ಗಿ ನೋಡಿದವರು ಎಷ್ಟು ಮಂದಿಯೋ!

ಪುಸ್ತಕವನ್ನೋದದೆ ಈ ಬಂಡೆಯ ಸ್ವಭಾವವನ್ನು ಬಲ್ಲವರು ಬೆಂಗಳೂರು ಸೀಮೆಯ ಕಲ್ಲುಕುಟಿಗರು. ಸಿಡಿಮದ್ದಿಲ್ಲದೆ, ದೊಡ್ಡ ಯಂತ್ರವಿಲ್ಲದೆ, ಬರಿಯ ಸೌದೆಯ ಬೆಂಕಿಯಿಂದ ಅವರು ಬಂಡೆಯ ಮೈಯಿಂದ ವಿಶಾಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಬಂಡೆಯ ಮೇಲೆ ಸೌದೆಯನ್ನು ಸಾಲಾಗಿ ಉರಿಸಿ, ಆ ಉರಿಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತ ಹೋಗುವರು. ಕಾದ ಮೇಲ್ಪದರ ಹಿಗ್ಗುತ್ತದೆ, ಕೆಳಗಿನ ತಂಪಾದ ಕಲ್ಲು ಹಿಗ್ಗುವುದಿಲ್ಲ, ನಡುವೆ ಬಿರುಕು ಹುಟ್ಟುತ್ತದೆ. ಕುಟಿಗನು ಸುತ್ತಿಗೆಯಿಂದ ತಟ್ಟಿ ನಾದವನ್ನು ಆಲಿಸುವನು. ಗಟ್ಟಿನಾದ ಹೋಗಿ ಪೊಳ್ಳುನಾದ ಬಂದೊಡನೆ ಉರಿಯನ್ನು ಸರಿಸುವನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕೌಶಲವನ್ನು ಕಂಡು ಬೆರಗಾದ ಪರದೇಶದ ವಿದ್ವಾಂಸರು ಅದನ್ನು ವಿಲಾಯತಿಯ ವಿಜ್ಞಾನಪತ್ರಿಕೆಯಲ್ಲಿ ವರ್ಣಿಸಿದರು. ಹಳ್ಳಿಯ ಮನೆಗಳ ಮೇಲ್ಛಾವಣಿ, ಹೊಲದ ಬೇಲಿಯ ಕಂಬ, ದನದ ತೊಟ್ಟಿ, ಮಠದ ಕೈಸಾಲೆ ಎಲ್ಲವೂ ಆ ಬೆಂಕಿಯಿಂದೆದ್ದುವು. ಕಾಯಕವನ್ನು ಶಾಸ್ತ್ರದಿಂದ ಬೇರೆಮಾಡಿ ಕೀಳೆಂದು ಕಂಡುದರಿಂದಲೇ ಈ ನಾಡಿನಲ್ಲಿ ಇಂಥ ಅರಿವು ಗ್ರಂಥಕ್ಕೆ ಏರದೆ ಹೋಯಿತೆಂದು ಹೇಳಬೇಕಾಗುತ್ತದೆ.

ಗ್ರಂಥಕ್ಕೆ ಏರಿಸಿದವರು ಬೇರೆಯವರು. 1858ರಲ್ಲಿ ಭಾರತದ ಭೂಗರ್ಭ ಇಲಾಖೆಯನ್ನು ಸೇರಿದ ರಾಬರ್ಟ್ ಬ್ರೂಸ್ ಫೂಟ್ ಎಂಬುವರು ದಕ್ಷಿಣದ ನಾಡುಗಳನ್ನು ದಶಕಗಳ ಕಾಲ ತಿರುಗಿ ನಕ್ಷೆಮಾಡಿ, ನಿವೃತ್ತರಾದ ಮೇಲೂ ಸುಮ್ಮನಿರದೆ, 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹೊಸದಾಗಿ ಆರಂಭವಾದ ಭೂಗರ್ಭ ಇಲಾಖೆಗೆ ಮೊದಲ ಮುಖ್ಯಸ್ಥರಾದರು. ಕಬ್ಬಿಣ, ಚಿನ್ನ, ಮ್ಯಾಂಗನೀಸುಗಳನ್ನು ಹೊತ್ತ ಪದರುಶಿಲೆಗಳಿಗೆ ಧಾರವಾಡದ ಹೆಸರನ್ನಿಟ್ಟವರು ಇವರೇ. ಅಂದಿನಿಂದ ಧಾರವಾಡವೆಂಬ ಹೆಸರು, ಆ ಊರನ್ನು ನೋಡದ ಆಸ್ಟ್ರೇಲಿಯದ, ಕೆನಡದ ಪಂಡಿತರ ಬಾಯಲ್ಲಿಯೂ ಆಡುತ್ತಿದೆ. ಆಮೇಲೆ ಈ ಕೆಲಸವನ್ನು ಮುಂದುವರಿಸಿದ ಕನ್ನಡಿಗರಲ್ಲಿ ಡಾ. ಬಿ. ಪಿ. ರಾಧಾಕೃಷ್ಣ ಅವರನ್ನು (1918–2012) ನೆನೆಯದೆ ಇರಲಾಗದು. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟುವುದರಲ್ಲಿ ಅವರು ಮುಂದಾಳಾಗಿದ್ದರಲ್ಲದೆ, ಈ ಶಾಸ್ತ್ರವನ್ನು ತಿಳಿಗನ್ನಡದಲ್ಲಿ ಬರೆದು ಜನರ ಮನೆಬಾಗಿಲಿಗೆ ತಂದರು.

ಇನ್ನು ಜ್ವಾಲಾಮುಖಿಯ ವಿಚಾರ. ಭಾರತದಲ್ಲಿ ಈಗ ಉಗುಳುತ್ತಿರುವ ಜ್ವಾಲಾಮುಖಿ ಒಂದೇ: ಅಂಡಮಾನಿನ ಬ್ಯಾರನ್ ದ್ವೀಪ. ಬಹುಕಾಲ ಮಲಗಿದ್ದ ಅದು 1991ರಲ್ಲಿ ಎಚ್ಚತ್ತು ಈಚೆಗೂ ಆಗಾಗ ಹೊಗೆಯಾಡುತ್ತಿದೆ. ಕನ್ನಡನಾಡಿನಲ್ಲಿ ಒಂದೂ ಇಲ್ಲ. ಆದರೆ ಇದ್ದಿತೆಂದು ವಿದ್ವಾಂಸರೇ ಒಮ್ಮೆ ಭ್ರಮಿಸಿದ ಒಂದು ಸ್ವಾರಸ್ಯದ ಪ್ರಸಂಗವುಂಟು. ಬಳ್ಳಾರಿಯ ಬಳಿ ಕುಡಿತಿನಿಯ ಕಣಿವೆಯಲ್ಲಿ ದೊಡ್ಡ ಬೂದಿಗುಡ್ಡವೊಂದಿದೆ. ಆ ಸೀಮೆಯಲ್ಲಿ ಅಂಥವು ಇನ್ನೂ ಹಲವು ಉಂಟು. ಯಾವುದೋ ರಕ್ಕಸನನ್ನು ಸುಟ್ಟ ಬೂದಿಯೆಂದು ಜನರು ಹೇಳುತ್ತಿದ್ದರು. ಹಂಪೆಯ ಬಳಿಯ ನಿಂಬಾಪುರದ ಗುಡ್ಡವು ವಾಲಿಯ ಚಿತಾಭಸ್ಮವೆಂದು ಪ್ರತೀತಿ. ಬೂದಿಯ ನಡುವೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ಕಿಟ್ಟವನ್ನು ಕಂಡ ಕೆಲವರು ಇದು ಅಗ್ನಿಪರ್ವತದ ಉಗುಳೆಂದು ಊಹಿಸಿದರು. ಕ್ಯಾಪ್ಟನ್ ನ್ಯೂಬೋಲ್ಡ್ ಅವರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಗುಡ್ಡವನ್ನು ಪರಿಶೀಲಿಸಿದರು. ಫೂಟ್ ಅವರು ಇದು ಸುಟ್ಟ ದನದ ಸಗಣಿಯೆಂದು ವಾದಿಸಿದರು. 1963ರಲ್ಲಿ ಪ್ರಕಟವಾದ ಆಲ್ಚಿನ್ ಅವರ ಗ್ರಂಥದಿಂದ ಆ ಮಾತು ಸ್ಥಿರಪಟ್ಟಿತು: ನವಶಿಲಾಯುಗದ ಗೋಪಾಲಕರು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ತಮ್ಮ ದೊಡ್ಡಿಗಳಲ್ಲಿ ಒಟ್ಟಿದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟುದರಿಂದ ಎದ್ದ ರಾಶಿಗಳಿವು. ಸಗಣಿಯಲ್ಲಿರುವ ಸಿಲಿಕವು ಬಹುಶಾಖಕ್ಕೆ ಕರಗಿ ಗಾಜಾಗುತ್ತದೆ. ಏತಕ್ಕಾಗಿ ಬೆಂಕಿಯಿಟ್ಟರೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಗೋಮಯವನ್ನು ಸುಟ್ಟು ವಿಭೂತಿಯನ್ನು ಮಾಡುವ ಸಮಾಜಕ್ಕೆ ಈ ಗುಡ್ಡಗಳು ಕುತೂಹಲವನ್ನುಂಟುಮಾಡಬೇಕಾದುದು ಸಹಜ. ಆದರೆ ಅವು ವಿಭೂತಿಯ ರಾಶಿಗಳೆಂದು ಹೇಳಲು ಆಧಾರವಿಲ್ಲ.

ನಿಜವಾದ ಜ್ವಾಲಾಮುಖಿಗಳ ಗುರುತು ಕಾಣಬೇಕಾದರೆ ಚಿತ್ರದುರ್ಗದ ಬಳಿಯ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿಯ ಬಂಡೆಗಳು ಒಂದರ ಮೇಲೊಂದು ಒಟ್ಟಿದ ತಲೆದಿಂಬುಗಳಂತೆ ತೋರುತ್ತವೆ. ಕರಗಿದ ಕಲ್ಲು ನೀರಿನೊಳಗೆ ಉಕ್ಕಿ, ಹೊರಮೈ ಥಟ್ಟನೆ ತಣ್ಣಗಾಗಿ, ಉಂಡೆಯುಂಡೆಯಾದಾಗ ಮಾತ್ರ ಈ ಆಕಾರ ಬರುತ್ತದೆ. ಅಂದರೆ ಇಂದು ಮಳೆಗಾಗಿ ಬಾಯ್ಬಿಡುವ ಆ ನೆಲ 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳವಾಗಿತ್ತು. ಕೋಲಾರದ ಚಿನ್ನವಿರುವುದೂ ಅಂಥದೇ ಪ್ರಾಚೀನ ಲಾವಾಶಿಲೆಗಳ ನಡುವೆ. ಅಲ್ಲಿಯ ಚಾಂಪಿಯನ್ ರೀಫ್ ಗಣಿಯನ್ನು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ತೋಡಿದರು. ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಭೂಮಿಯ ಕೇಂದ್ರದವರೆಗಿನ ದೂರದಲ್ಲಿ ಅದು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಆ ಗಣಿಗಳು 2001ರಲ್ಲಿ ಮುಚ್ಚಿದುವು.

ಕಲ್ಯಾಣಕ್ಕೆ ಹೋದವರು ದಾರಿಯುದ್ದಕ್ಕೂ ಕಪ್ಪುನೆಲವನ್ನೂ ತಲೆ ಚಪ್ಪಟೆಯಾದ ಮೆಟ್ಟಿಲುಮೆಟ್ಟಿಲಿನ ಗುಡ್ಡಗಳನ್ನೂ ನೋಡಿರುತ್ತಾರೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ ಉದ್ದುದ್ದನಾಗಿ ಸೀಳಿ, ಶಿಖರವಿಲ್ಲದೆ ಆ ಸೀಳುಗಳಿಂದಲೇ ಲಾವಾರಸ ಹೊಳೆಯಾಗಿ ಹರಿದು, ಪದರದ ಮೇಲೆ ಪದರ ಕೂತು ಆದ ನೆಲವದು. ಮಹಾರಾಷ್ಟ್ರದ ಬಹುಭಾಗ, ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಗಳು ಇದರಲ್ಲಿ ಸೇರುತ್ತವೆ. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರು. ಆ ಕಗ್ಗಲ್ಲು ಕೊಳೆತಾಗ ಎರೆಮಣ್ಣಾಗುತ್ತದೆ. ಅದರ ಜೇಡಿ ನೀರನ್ನು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಮೊಳಕಾಲುದ್ದ ಬಿರಿಯುತ್ತದೆ. ಮೇಲಿನ ಮಣ್ಣು ಬಿರುಕಿಗೆ ಬಿದ್ದು ಕೆಳಗಿನದು ಮೇಲಕ್ಕೆ ಬಂದು, ನೇಗಿಲಿಲ್ಲದೆಯೇ ತನ್ನನ್ನು ತಾನು ಉತ್ತುಕೊಳ್ಳುತ್ತದೆ. ಹಿಂಗಾರಿನ ಬಿಳಿಜೋಳ ಮಳೆ ನಿಂತ ಮೇಲೂ ಬೆಳೆಯುವುದು ಆ ಮಣ್ಣು ಕೂಡಿಟ್ಟ ತೇವದಿಂದ. ಬೀದರಿನಲ್ಲಿ ಈ ಕಗ್ಗಲ್ಲಿನ ಮೇಲೆ ಜಂಬಿಟ್ಟಿಗೆಯ ಹೊದಿಕೆಯಿದೆ. ಮಳೆನೀರು ಸಚ್ಛಿದ್ರವಾದ ಜಂಬಿಟ್ಟಿಗೆಯಲ್ಲಿ ಇಳಿದು, ಕಗ್ಗಲ್ಲು ತಡೆದೊಡನೆ ಎರಡರ ಸಂಧಿಯಲ್ಲಿ ಹರಿಯುತ್ತದೆಂಬುದನ್ನರಿತು, ಬಹಮನಿ ಅರಸರ ಕಾಲದವರು ಅದೇ ಸಂಧಿಯಲ್ಲಿ ಸುರಂಗಬಾವಿಯನ್ನು ಕೊರೆದು ನೀರನ್ನು ತಂದರು. ಭೂಗರ್ಭಶಾಸ್ತ್ರವೆಂಬ ಹೆಸರಿಲ್ಲದೆಯೂ ಅದು ಭೂಗರ್ಭಶಾಸ್ತ್ರವೇ ಸರಿ.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ತೋಡಿಸಿದುದೂ ಇದೇ ಕಗ್ಗಲ್ಲಿನ ನೆಲದಲ್ಲಿ. ಒಡ್ಡರ ನಡುವೆ ನಿಂತು ಕೆರೆಯ ಕೆಲಸವನ್ನು ಮಾಡಿಸುತ್ತಿದ್ದಾಗ ಪ್ರಭುದೇವರು ಬಂದು ಅವರನ್ನು ಕೆಣಕಿದ ಕಥೆಯನ್ನು ಶೂನ್ಯಸಂಪಾದನೆಯನ್ನು ಓದಿದವರೆಲ್ಲ ಬಲ್ಲರು. ಆ ಕಥೆಯ ಅಧ್ಯಾತ್ಮದ ವ್ಯಾಖ್ಯಾನ ಶ್ರೀಮಠದಲ್ಲಿ ಎಷ್ಟೋ ಸಲ ನಡೆದಿದೆ. ಕೆರೆಯ ಕಡೆಗೂ ಒಂದಿಷ್ಟು ನೋಡಬೇಕು. ಸೊಲ್ಲಾಪುರದಲ್ಲಿ ಆ ಕೆರೆ ಇಂದಿಗೂ ಇದೆ, ನಡುವೆ ಅವರ ದೇವಾಲಯವಿದೆ. ಮಳೆ ಕಡಮೆಯಾದ ಆ ಸೀಮೆಯಲ್ಲಿ ನೀರನ್ನು ನಿಲ್ಲಿಸುವುದೇ ದಾಸೋಹವಾಗಿತ್ತು.

ಅದೇ ಕಗ್ಗಲ್ಲು ಜನರನ್ನು ಕೊಂದ ಸಂಗತಿಯನ್ನೂ ಮರೆಮಾಚಬಾರದು. 1993ನೆಯ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನರು ಮಲಗಿದ್ದಾಗ, ಬೀದರ-ಕಲಬುರಗಿಗಳ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಂಪನದ ಪ್ರಮಾಣ 6.2ರಷ್ಟು, ಜಪಾನಿನಂಥ ದೇಶದಲ್ಲಿ ಅದಕ್ಕೆ ಇಷ್ಟು ಪ್ರಾಣಹಾನಿಯಾಗುವುದಿಲ್ಲ. ಇಲ್ಲಿ ಎಂಟು ಸಾವಿರದಷ್ಟು ಜನರು ಸತ್ತರು. ಕೊಂದುದು ಕಂಪನಕ್ಕಿಂತ ಹೆಚ್ಚಾಗಿ ಮನೆ. ಗುಂಡುಗಲ್ಲುಗಳನ್ನು ಮಣ್ಣಿನ ಗಾರೆಯಲ್ಲಿ ಕೂರಿಸಿದ ದಪ್ಪಗೋಡೆ, ಬಿಸಿಲಿಗೆ ತಂಪಾಗಲೆಂದು ಮೇಲೆ ಹೇರಿದ ಮಣ್ಣಿನ ಮಾಳಿಗೆ. ಗೋಡೆ ಬಿಚ್ಚಿಕೊಂಡೊಡನೆ ಮಾಳಿಗೆ ಮಲಗಿದ್ದವರ ಮೇಲೆ ಕುಳಿತಿತು. ದಖ್ಖಣದ ನೆಲ ಅಲುಗದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇತ್ತು. ಗೋಡೆಯ ಎರಡೂ ಮುಖಗಳನ್ನು ಹಿಡಿಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಟ್ಟು, ಬಾಗಿಲ ಎತ್ತರದಲ್ಲಿ ಮನೆಯ ಸುತ್ತ ಒಂದು ಬಿಗಿಪಟ್ಟಿಯನ್ನು ಹಾಕಿದ್ದರೆ ಎಷ್ಟೋ ಮಂದಿ ಬದುಕುತ್ತಿದ್ದರು. ಇದಕ್ಕೆ ಬೇಕಾದುದು ಹಣಕ್ಕಿಂತ ತಿಳಿವಳಿಕೆ.

ಹಿಮನದಿಗಳ ಮಾತು ಉಷ್ಣದೇಶದ ಕನ್ನಡಿಗರಿಗೆ ದೂರದ್ದೆನಿಸಬಹುದು. ಆದರೆ ಕೇದಾರ ದೂರದ್ದಲ್ಲ. ಕೇದಾರನಾಥದ ರಾವಲರು ದಕ್ಷಿಣದ ವೀರಶೈವ ಜಂಗಮಪರಂಪರೆಯಿಂದಲೇ ಬರುವುದು ಬಹುಕಾಲದ ಸಂಪ್ರದಾಯ. ಚಳಿಗಾಲದಲ್ಲಿ ಪೂಜೆ ಊಖಿಮಠಕ್ಕೆ ಇಳಿಯುತ್ತದೆ. ಸುಮಾರು 3,580 ಮೀಟರಿನ ಎತ್ತರದಲ್ಲಿರುವ ಆ ದೇವಾಲಯದ ಹಿಂದೆ ಚೋರಾಬಾರಿ ಎಂಬ ಹಿಮನದಿಯಿದೆ. ಹಿಮದ ಮೇಲೆ ಹಿಮ ಬಿದ್ದು ತನ್ನ ಭಾರಕ್ಕೆ ತಾನೇ ಮಂಜುಗಡ್ಡೆಯಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಜಾರಿನಲ್ಲಿ ಹರಿಯುವುದೇ ಹಿಮನದಿ. ಅದು ಹೋಗುವ ದಾರಿಯ ಬಂಡೆಯನ್ನು ಉಜ್ಜಿ ಗೀರುತ್ತದೆ. ಕಿತ್ತ ಕಲ್ಲುಮಣ್ಣನ್ನು ಪಕ್ಕದಲ್ಲಿಯೂ ತುದಿಯಲ್ಲಿಯೂ ದಿಬ್ಬವಾಗಿ ಒಟ್ಟುತ್ತದೆ. ಚೋರಾಬಾರಿಯ ಅಂಥ ಒಂದು ದಿಬ್ಬದ ಮರೆಯಲ್ಲಿ ಸಣ್ಣದೊಂದು ಸರೋವರ ನಿಂತಿತ್ತು. 2013ರ ಜೂನ್ 16-17ರಲ್ಲಿ ಅಕಾಲದ ಭಾರಿ ಮಳೆಗೂ ಕರಗಿದ ಹಿಮಕ್ಕೂ ಅದು ತುಂಬಿ, ದಿಬ್ಬವನ್ನು ಒಡೆದುಕೊಂಡು ಕೇದಾರದ ಮೇಲೆ ಬಿದ್ದಿತು. ಪ್ರವಾಹದೊಡನೆ ಉರುಳಿಬಂದ ಹೆಬ್ಬಂಡೆಯೊಂದು ದೇವಾಲಯದ ಬೆನ್ನಿಗೆ ನಿಂತು ನೀರನ್ನು ಇಕ್ಕೆಲಕ್ಕೂ ಸೀಳಿತು, ಗುಡಿ ಉಳಿಯಿತು. ಗುಡಿಯ ಸುತ್ತಣ ಊರು ಉಳಿಯಲಿಲ್ಲ. ಉತ್ತರಾಖಂಡದಲ್ಲಿ ಸಾವಿರಾರು ಯಾತ್ರಿಕರೂ ನಿವಾಸಿಗಳೂ ಮಡಿದರು. ಬಂಡೆಯನ್ನು ಕುರಿತು ಭಕ್ತರು ಆಡುವ ಮಾತು ಭಕ್ತಿಗೆ ತಕ್ಕುದೇ. ಆದರೆ ಹಿಮನದಿಯ ಹಳೆಯ ದಾರಿಯಲ್ಲಿ ವಸತಿಗೃಹಗಳನ್ನು ಕಟ್ಟಬಾರದೆಂಬುದು ಆ ಬಂಡೆಯೇ ಹೇಳುವ ಇನ್ನೊಂದು ಮಾತು. ಅದನ್ನು ಕೇಳಿಸಿಕೊಂಡವರು ಕಡಮೆ.

ಒಂದು ಕಾಲದಲ್ಲಿ ಭಾರತದ ಬಯಲುಗಳಲ್ಲಿಯೂ ಮಂಜುಗಡ್ಡೆ ಹಬ್ಬಿತ್ತೆಂದರೆ ಆಶ್ಚರ್ಯವಾದೀತು. ಒಡಿಶಾದ ತಾಲ್ಚೇರಿನಲ್ಲಿ ಮಣ್ಣಿನ ನಡುವೆ ಅಡ್ಡಾದಿಡ್ಡಿಯಾಗಿ ಹೂತ ದೊಡ್ಡ ಗುಂಡುಗಳನ್ನು ಕಂಡು 1856ರಲ್ಲಿಯೇ ವಿದ್ವಾಂಸರು ಇದು ಮಂಜಿನ ಕೆಲಸವೆಂದು ಗುರುತಿಸಿದರು. ಸುಮಾರು 30 ಕೋಟಿ ವರ್ಷಗಳ ಹಿಂದೆ ಭಾರತವು ಆಫ್ರಿಕ, ಆಸ್ಟ್ರೇಲಿಯ, ಅಂಟಾರ್ಕ್ಟಿಕಗಳೊಡನೆ ಕೂಡಿಕೊಂಡು ದಕ್ಷಿಣಧ್ರುವದ ಸಮೀಪದಲ್ಲಿತ್ತು. ಅನಂತರ ಬೇರೆಯಾಗಿ ಉತ್ತರಕ್ಕೆ ತೇಲಿಬಂದಿತು. ಮಡಗಾಸ್ಕರವು ಕಳಚಿಕೊಂಡಾಗ ಉಕ್ಕಿದ ಲಾವಾದ ಗುರುತು ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ ಆರುಮೂಲೆಯ ಕಂಬಗಳಾಗಿ ನಿಂತಿದೆ. ಅವುಗಳ ವಯಸ್ಸು 9 ಕೋಟಿ ವರ್ಷಕ್ಕೆ ಸ್ವಲ್ಪ ಕಡಮೆ. ಸ್ಥಾವರವೆಂದು ಎಣಿಸಿದ ನೆಲವೇ ಜಂಗಮವಾಗಿದೆ!

ಈ ವಿದ್ಯೆಯನ್ನು ಕಲಿಯುವ ಅನುಕೂಲ ಕನ್ನಡನಾಡಿನಲ್ಲಿ ಹೊಸದಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರೊ. ಎಲ್. ರಾಮರಾಯರಂಥವರು ಇದನ್ನು ಬೋಧಿಸಿದರು. ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ವಿಭಾಗಗಳಿವೆ. ಆದರೆ ಮಾರತ್ತಹಳ್ಳಿಯ ಸುತ್ತಮುತ್ತಲಿನ ಮನೆಗಳಲ್ಲಿ ಗಣಕಯಂತ್ರದ ವಿದ್ಯೆಯನ್ನು ಕಲಿತವರು ಮನೆಗೊಬ್ಬರಿದ್ದರೆ, ಕಾಲಡಿಯ ಕಲ್ಲಿನ ವಿದ್ಯೆಯನ್ನು ಆರಿಸಿಕೊಂಡವರು ಊರಿಗೊಬ್ಬರೂ ದುರ್ಲಭ. ಸಂಬಳದ ಲೆಕ್ಕ ಅರ್ಥವಾಗತಕ್ಕುದೇ. ಆದರೂ ಬಿಸಿಲಿನಲ್ಲಿ ಸುತ್ತಿಗೆ ಹಿಡಿದು ತಿರುಗಬೇಕಾದ ವಿದ್ಯೆಯೆಂಬ ಅಂಜಿಕೆಯಿಂದ, ವಿಶೇಷವಾಗಿ ಹೆಣ್ಣುಮಕ್ಕಳನ್ನು ಹಿಂದೆಗೆಸುವುದು ಕಾಯಕದ ಹೆಸರನ್ನೆತ್ತುವ ಸಮಾಜಕ್ಕೆ ಶೋಭಿಸುವುದಿಲ್ಲ.

ಕೊನೆಗೆ, ಎಲ್ಲ ಮನೆಗಳನ್ನೂ ಮುಟ್ಟುವ ವಿಷಯ: ನೀರು. ಬೆಂಗಳೂರು ಒಂದು ದಿಣ್ಣೆಯ ಮೇಲಿದೆ. ಪಶ್ಚಿಮದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಸೇರುತ್ತದೆ. ಪೂರ್ವದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣಪಿನಾಕಿನಿಗೆ ಇಳಿಯುತ್ತದೆ. ಮಾರತ್ತಹಳ್ಳಿ ಪೂರ್ವದ ಮಗ್ಗುಲಿನದು. ಜೀವನದಿಯಿಲ್ಲದ ಈ ನೆಲದಲ್ಲಿ ಹಿರಿಯರು ಒಂದು ಕೆರೆಯ ಕೋಡಿಯ ನೀರು ಇನ್ನೊಂದು ಕೆರೆಗೆ ಬೀಳುವಂತೆ ಸರಪಣಿಯಾಗಿ ಕಟ್ಟಿದರು. ತೂಬನ್ನು ಕಾಯಲು ನೀರುಗಂಟಿಯಿದ್ದನು. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಎತ್ತಿ ಹೊಲಕ್ಕೆ ಹಾಕುವರು, ಕೆರೆಗೆ ಆಳ, ಹೊಲಕ್ಕೆ ಸಾರ. ಕೆರೆಯ ನೀರು ಸುದ್ದೆಯಲ್ಲಿ ಇಂಗಿ ಸುತ್ತಲಿನ ತೆರೆದ ಬಾವಿಗಳನ್ನು ತುಂಬುತ್ತಿತ್ತು. ಸುದ್ದೆಯೇ ಈ ಸೀಮೆಯ ನಿಜವಾದ ಜಲಭಂಡಾರ. ಅದರ ಕೆಳಗಿನ ಬಂಡೆಯಲ್ಲಿ ನೀರಿಗೆ ಸ್ಥಳವಿರುವುದು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಐನೂರು ಅಡಿಗೆ ಸಿಕ್ಕದ ನೀರು ಸಾವಿರದ ಐನೂರಕ್ಕೆ ಸಿಕ್ಕೇಸಿಕ್ಕುವುದೆಂಬ ಎಣಿಕೆ ಶಾಸ್ತ್ರಕ್ಕೆ ವಿರುದ್ಧ. ಸಿಕ್ಕಿದರೂ ಅದು ಬಹುಕಾಲದ ಹಿಂದೆ ಇಳಿದ ಹಳೆಯ ನೀರಾಗಿರಬಹುದು. ಒಮ್ಮೆ ಎತ್ತಿದರೆ ಬೇಗ ಮರಳಿ ತುಂಬುವುದಿಲ್ಲ.

ಅಂಗೈಯ ಮೇಲೆ ತೆಂಗಿನಕಾಯಿಯನ್ನಿಟ್ಟು, ಅದು ಎದ್ದುನಿಂತಲ್ಲಿ ಕೊರೆಸುವವರು ಇನ್ನೂ ಇದ್ದಾರೆ. ಅವರು ಹೇಳಿದಲ್ಲಿ ನೀರು ಬಂದರೆ ಊರೆಲ್ಲ ಸುದ್ದಿ. ಬಾರದಿದ್ದರೆ ಮನೆಯವರ ಸಾಲದ ಪತ್ರಕ್ಕೆ ಮಾತ್ರ ಸುದ್ದಿ. ನೆಲಕ್ಕೆ ವಿದ್ಯುತ್ತನ್ನು ಹರಿಸಿ ಒದ್ದೆಯಾದ ಸುದ್ದೆ ಎಷ್ಟು ಆಳವಿದೆಯೆಂದು ಅಳೆಯುವ ಉಪಕರಣಗಳುಂಟು; ಅವೂ ಸರ್ವಜ್ಞವಲ್ಲ, ಆದರೆ ತೆಂಗಿನಕಾಯಿಗಿಂತ ಮೇಲು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದುವೆಂದು ಸರ್ಕಾರವೇ ಹೇಳಿತು. ಅದಕ್ಕೆ ಎರಡೇ ವರ್ಷ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಇದೇ ಹೊರವರ್ತುಲ ರಸ್ತೆಯ ಬಡಾವಣೆಗಳಿಂದ ಜನರನ್ನು ದೋಣಿಯಲ್ಲಿಯೂ ಟ್ರ್ಯಾಕ್ಟರಿನಲ್ಲಿಯೂ ಸಾಗಿಸಬೇಕಾಗಿ ಬಂದಿತ್ತು. ಎರಡೂ ಒಂದೇ ರೋಗದ ಲಕ್ಷಣಗಳು: ರಾಜಕಾಲುವೆಗಳು ಕಟ್ಟಿಹೋಗಿ, ನೆಲದ ಬಾಯನ್ನು ಮುಚ್ಚಿದುದರಿಂದ ಬಂದ ನೀರು ಇಂಗಲಿಲ್ಲ, ಇಂಗದ ನೀರು ಬೇಸಿಗೆಗೆ ಉಳಿಯಲಿಲ್ಲ. ಕಾವೇರಿಯ ಐದನೆಯ ಹಂತದ ನೀರು 2024ರ ಅಕ್ಟೋಬರಿನಲ್ಲಿ ನಗರದ ಹೊರವಲಯಕ್ಕೆ ಬಂದಿತು. ಸುಮಾರು 100 ಕಿಲೋಮೀಟರಿನಾಚೆಯಿಂದ ಬೆಟ್ಟವೇರಿಸಿ ತಂದ ನೀರದು.

ಲೆಕ್ಕ ಸುಲಭವಾಗಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ಮೇಲೆ ಬೀಳುವ ನೀರು ಸುಮಾರು ಒಂದು ಲಕ್ಷ ಲೀಟರು. ಇಂಥ ನಿವೇಶನದ ಹೊಸ ಮನೆಗಳಿಗೆ ಮಳೆನೀರಿನ ಸಂಗ್ರಹ ಕಡ್ಡಾಯವೆಂದು 2009ರಲ್ಲಿಯೇ ಕಾನೂನಾಗಿದೆ. ಕಾನೂನಿನ ಕಣ್ಣಿಗೆ ಮಣ್ಣೆರಚಲು ಒಂದು ಖಾಲಿ ಪೀಪಾಯಿಯನ್ನಿಟ್ಟವರೂ ಇಲ್ಲದಿಲ್ಲ. ಬಾವಿ ತೋಡುವ ಕಾಯಕದ ಭೋವಿ ಜನರು ಈಗಲೂ ಬೆಂಗಳೂರಿನ ಸುತ್ತ ಇದ್ದಾರೆ. ಮೂರಡಿ ಅಗಲ, ಇಪ್ಪತ್ತಡಿ ಆಳಕ್ಕೆ, ಕೆಂಪುಮಣ್ಣನ್ನು ದಾಟಿ ಸುದ್ದೆ ಸಿಕ್ಕುವವರೆಗೆ ಇಂಗುಬಾವಿಯನ್ನು ತೋಡಿ, ಸಿಮೆಂಟಿನ ಬಳೆಗಳನ್ನಿಳಿಸಿ ಕೊಡಬಲ್ಲರು. ಬಳೆಗಳ ಸಂದನ್ನು ಗಾರೆಯಿಂದ ಮೆತ್ತಬಾರದು, ತಳಕ್ಕೆ ಕಾಂಕ್ರೀಟು ಹಾಕಬಾರದು. ಮಾಳಿಗೆಯ ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಮಿಕ್ಕುದನ್ನು ಜಲ್ಲಿ-ಮರಳಿನ ತೊಟ್ಟಿಯಲ್ಲಿ ಸೋಸಿ ಬಾವಿಗೆ ಹರಿಸಬೇಕು. ಬಚ್ಚಲಿನ ನೀರನ್ನು ಯಾವ ಕಾರಣಕ್ಕೂ ಸೇರಿಸಕೂಡದು. ವರ್ಷಕ್ಕೊಮ್ಮೆ ತಳದ ಹೂಳನ್ನು ಎತ್ತಿಸಿ, ಸೋಸುವ ಮರಳನ್ನು ತೊಳೆದು ಹಾಕಬೇಕು. ಈ ಕೆಲಸಕ್ಕೆ ಮುಂಗಾರಿನ ಮೊದಲ ಮಳೆಗಿಂತ ಮುಂಚಿನ ವೈಶಾಖವೇ ತಕ್ಕ ಕಾಲವಾದುದರಿಂದ, ಬಸವಜಯಂತಿಯ ಹಿಂದಿನ ಭಾನುವಾರವನ್ನು ಇದಕ್ಕೆಂದು ಇಟ್ಟುಕೊಂಡರೆ ಮನೆಯಲ್ಲಿ ಯಾರೂ ಮರೆಯುವುದಿಲ್ಲ.